ಸೀಗಿ ಹುಣ್ಣಿಮೆಯ ದಿನ ನಾನು ಕರೆಸಿದ ಸುಳ್ಳು ಹಕ್ಕಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ನಾನು ಮಾತಾಡ್ತಿರೋದು ಕನಮಡಿಯಿಂದ. ವಿಜಯಪುರ ಜಿಲ್ಲೆ, ತಿಕೋಟಾ ತಾಲೂಕು. ಹೆಸರು ಕೇಳಿಲ್ಲ ಅಂದ್ರೆ ಬೇಜಾರಿಲ್ಲ. ನೀವು ತಿಂದಿರೋ ಒಣದ್ರಾಕ್ಷಿಯಲ್ಲಿ ಒಂದೆರಡು ಕಾಳಾದ್ರೂ ನಮ್ಮ ಕಡೆಯವು ಇದ್ದೇ ಇರ್ತವೆ.

ನಮ್ಮೂರ ಸೀಮೆ ದಾಟಿದ್ರೆ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕು, ಅಂದ್ರೆ ಮಹಾರಾಷ್ಟ್ರ. ಗಡಿ ವಿಷಯ ಟಿವಿಯಲ್ಲಿ ಬಂದಾಗಲೆಲ್ಲ ಬೆಂಗಳೂರಿನ ಗೆಳೆಯರು ಫೋನ್ ಮಾಡಿ, "ನಿಮ್ಮಲ್ಲಿ ಗಲಾಟೆ ಇದೆಯಾ?" ಅಂತ ಕೇಳ್ತಾರೆ. ಇಲ್ಲಿ ಗಡಿ ದಾಟೋದು ಅಂದ್ರೆ ಒಂದು ಹೊಲದ ಬದು ದಾಟೋದು ಅಷ್ಟೇ. ಫೋನ್‌ನಲ್ಲಿ ಹಕ್ಕಿ ಪಟ್ಟಿ ಮಾಡೋವಾಗ ಮಾತ್ರ ಒಂದು ತಮಾಷೆ ಆಗುತ್ತೆ. ನಾನು ನೋಡ್ತಿದ್ದ ಕಳಿಂಗ ಹಕ್ಕಿ ಈ ಜಾಲಿಗಿಡದಿಂದ ಆ ಜಾಲಿಗಿಡಕ್ಕೆ ಹಾರಿದ್ರೆ ಅದರ ಜಿಲ್ಲೆಯೂ ಬದಲು, ರಾಜ್ಯವೂ ಬದಲು!

ಇವತ್ತು ಹೇಳೋಕೆ ಹೊರಟಿರೋದು ಅಕ್ಟೋಬರ್ ತಿಂಗಳ ಹಕ್ಕಿಗಳ ಬಗ್ಗೆ. ಹಾಗೇ, ನಾನು ಮಾಡಿದ ಒಂದು ತಪ್ಪಿನ ಬಗ್ಗೆ.

ಮೊದಲು ಈ ಕಾಲದಲ್ಲಿ ಏನಾಗುತ್ತೆ ಅಂತ ಹೇಳ್ತೀನಿ. ಉತ್ತರಿ ಮಳೆ ಮುಗಿದು ಹಸ್ತ ಹಿಡಿಯುತ್ತೆ, ಆಮೇಲೆ ಚಿತ್ತಿ. ನಮ್ಮಲ್ಲಿ ಹಿಂಗಾರಿ ಬಿತ್ತೋ ಹೊತ್ತು. ಬಿಳಿಜೋಳ ಮೊಳಕೆ ಒಡೆದು ಎರೆಹೊಲದಲ್ಲಿ ಹಸಿರು ಗೆರೆ ಎಳೆದ ಹಾಗೆ ಕಾಣುತ್ತೆ. ಇದೇ ವಾರಗಳಲ್ಲಿ ಕಜಕಸ್ತಾನ, ಸೈಬೀರಿಯಾ, ಇರಾನ್ ಕಡೆಯಿಂದ ಹೊರಟ ಹಕ್ಕಿಗಳು ನಮ್ಮ ತಲೆ ಮೇಲೆ ಹಾದು ಹೋಗ್ತಿರ್ತವೆ. ನಮಗೆ ಗೊತ್ತಾಗಲ್ಲ, ಯಾಕಂದ್ರೆ ಸಣ್ಣ ಹಕ್ಕಿಗಳಲ್ಲಿ ಬಹುಪಾಲು ಹಾರೋದು ರಾತ್ರಿ. ನಕ್ಷತ್ರ, ಭೂಮಿಯ ಕಾಂತಕ್ಷೇತ್ರ ಎರಡನ್ನೂ ನೆಚ್ಚಿಕೊಂಡು ದಾರಿ ಹಿಡೀತವೆ. ಬೆಳಗಾದಾಗ ಕೆಳಗೆ ಕಂಡ ಪೊದೆಗೆ ಇಳಿದು ತಿಂದು ವಿಶ್ರಾಂತಿ ತಗೋತವೆ. ಅದಕ್ಕೇ ರಾತ್ರಿ ಮಳೆ ಬಂದು ಬೆಳಗ್ಗೆ ಬಿಟ್ಟರೆ ನಾನು ಚಹಾ ಕೂಡ ಕುಡಿಯದೆ ಹಳ್ಳದ ಕಡೆ ಓಡ್ತೀನಿ.

ತೂಕದ ಅಂದಾಜು ಬೇಕಾ? ಜೇಬಲ್ಲಿ ಹತ್ತು ರೂಪಾಯಿ ನಾಣ್ಯ ಇದ್ರೆ ಅಂಗೈ ಮೇಲೆ ಇಟ್ಕೊಳ್ಳಿ. ಸುಮಾರು ಏಳೂವರೆ ಗ್ರಾಂ. ನಮ್ಮ ಜಾಲಿ ಬೇಲಿಗೆ ಬರೋ ಸಣ್ಣ ಉಲಿಯಕ್ಕಿಗಳು, ಇಂಗ್ಲಿಷ್‌ನಲ್ಲಿ ವಾರ್ಬ್ಲರ್ ಅಂತಾರಲ್ಲ, ಅವು ಹೆಚ್ಚೂ ಕಡಿಮೆ ಅಷ್ಟೇ ಭಾರ. ಆ ನಾಣ್ಯ ಮಧ್ಯ ಏಷ್ಯಾದಿಂದ ಹಾರಿ ಬಂದು ನಿಮ್ಮ ಬೇಲಿ ಮೇಲೆ ಕೂತಿದೆ ಅಂದ್ಕೊಳ್ಳಿ.

ಗುಂಪಾಗಿ ಬರೋವು ಎಲ್ಲರ ಕಣ್ಣಿಗೂ ಬೀಳ್ತವೆ. ಗುಲಾಬಿ ಮೈನಾ ಆಗಸ್ಟ್‌ನಿಂದಲೇ ಶುರು. ನೂರಾರು, ಕೆಲವು ಸಲ ಸಾವಿರಾರು ಒಟ್ಟಿಗೆ ತಿರುಗಿ, ಹೊರಳಿ, ಕರೆಂಟ್ ತಂತಿ ಜಗ್ಗೋ ಹಾಗೆ ಕೂರ್ತವೆ. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಇದಕ್ಕೆ 'ಜೋವಾರಿ ಬರ್ಡ್' ಅಂತಲೂ ಹೆಸರಿತ್ತು, ಜೋಳಕ್ಕೆ ಮುತ್ತುತ್ತೆ ಅಂತ. ನಮ್ಮಜ್ಜ ಕವಣೆ ಹಿಡಿದು ಅಟ್ಟದ ಮೇಲೆ ಕೂತು ಇದನ್ನ ಬೈದಷ್ಟು ಬೇರೆ ಯಾರನ್ನೂ ಬೈದಿಲ್ಲ. ಅದೇ ಹಕ್ಕಿಗೆ ಚೀನಾದ ಷಿನ್‌ಜಿಯಾಂಗ್‌ನಲ್ಲಿ 1980ರ ದಶಕದಿಂದ ಮಿಡತೆ ತಿನ್ನಲಿ ಅಂತ ಗೂಡು ಕಟ್ಟಿಕೊಡ್ತಾ ಬಂದಿದ್ದಾರೆ. ಅಜ್ಜನಿಗೆ ಇದನ್ನ ಹೇಳಿದ್ದೆ. "ಹಂಗಾರ ಅಲ್ಲೇ ಇಟ್ಕೊಳ್ರಿ ಅನ್ನು ಅವ್ರಿಗೆ" ಅಂದ್ರು.

ಆಮೇಲೆ ಕರಿತಲೆ ಬಂಟಿಂಗ್, ಗಿಡ್ಡಬೆರಳಿನ ನೆಲಗುಬ್ಬಿ, ಸಿಪಿಲೆಗಳು. ಇವು ಪ್ರತಿ ವರ್ಷದ ನೆಂಟರು. ಸಮಸ್ಯೆ ಶುರುವಾಗೋದು ಅಪರೂಪದವುಗಳಿಂದ. ಅಪರೂಪದ ಹಕ್ಕಿ ನೋಡಬೇಕು ಅನ್ನೋ ಹುಚ್ಚು ಇದೆಯಲ್ಲ, ಅದರಿಂದ.

2022ರ ಅಕ್ಟೋಬರ್ 2, ಭಾನುವಾರ. ಹಿಂದಿನ ರಾತ್ರಿ ಹಸ್ತ ಮಳೆ ಚೆನ್ನಾಗಿ ಹೊಡೆದಿತ್ತು. ನಾನು ಹಕ್ಕಿ ನೋಡೋಕೆ ಶುರು ಮಾಡಿ ಎರಡು ವರ್ಷವೂ ಆಗಿರಲಿಲ್ಲ. ಲಾಕ್‌ಡೌನ್‌ನಲ್ಲಿ ಊರಿಗೆ ಬಂದು, ಮಾಡೋಕೆ ಕೆಲಸ ಇಲ್ಲದೆ ಹಿಡಿದ ಚಟ. ಬೈನಾಕ್ಯುಲರ್ ಹೊಸದು. ಉಮೇದು ಬೈನಾಕ್ಯುಲರ್‌ಗಿಂತ ಹೊಸದು. ನಮ್ಮ ಹೊಲಕ್ಕೂ ಪಕ್ಕದ ಕಾಕಾನ ಹೊಲಕ್ಕೂ ನಡುವೆ ಹಳ್ಳದಗುಂಟ ಒಂದು ಜಾಲಿ ಬೇಲಿ ಇದೆ. ಅದರ ಒಣಗಿದ ಟೊಂಗೆ ಮೇಲೆ ಬೂದು ಬಣ್ಣದ ಒಂದು ನೊಣಹಿಡುಕ ಕೂತಿತ್ತು. ಹಾರ್ತಿತ್ತು, ಗಾಳಿಯಲ್ಲೇ ಹುಳ ಹಿಡೀತಿತ್ತು, ಮತ್ತೆ ಅದೇ ಟೊಂಗೆಗೆ ಬಂದು ಕೂರ್ತಿತ್ತು. ಎದೆ ಮೇಲೆ ಗೆರೆ ಗೆರೆ.

ಎದೆ ಬಡಿತ ಏರಿತು. ಯಾಕಂದ್ರೆ ಬೂದು ಬಣ್ಣ, ಎದೆ ಮೇಲೆ ಗೆರೆ ಅಂದ್ರೆ ಸ್ಪಾಟೆಡ್ ಫ್ಲೈಕ್ಯಾಚರ್ ಇರಬಹುದು. ಈ ಹಕ್ಕಿಯ ಕಥೆ ಕೇಳಿದ್ರೆ ನಿಮಗೂ ಆಸೆ ಹುಟ್ಟುತ್ತೆ. ಯೂರೋಪಿನಿಂದ ಸೈಬೀರಿಯಾದ ಬೈಕಲ್ ಸರೋವರದ ಸುತ್ತಮುತ್ತಲವರೆಗೆ ಮರಿ ಮಾಡುತ್ತೆ. ಚಳಿಗಾಲ ಕಳೆಯೋದು ಮಾತ್ರ ಆಫ್ರಿಕಾದಲ್ಲಿ. ಪೂರ್ವದ ತುದಿಯಲ್ಲಿ ಹುಟ್ಟಿದ ಹಕ್ಕಿಗಳೂ ಭಾರತದಲ್ಲಿ ನಿಲ್ಲಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಮ್ಮ ದೇಶದ ವಾಯವ್ಯ ಮೂಲೆ, ಕಛ್, ರಾಜಸ್ಥಾನದ ಕಡೆ ಹಾದು ಆಫ್ರಿಕಾಕ್ಕೆ ಹೋಗಿಬಿಡ್ತವೆ. ಆ ದಾರಿ ತಪ್ಪಿ ದಖ್ಖನ್ ಒಳಗೆ ಬರೋದು ಅಪರೂಪ. ನಮ್ಮ ಜಾಲಿ ಗಿಡದ ಮೇಲೆ ಆಫ್ರಿಕಾಕ್ಕೆ ಹೊರಟ ಪ್ರಯಾಣಿಕ! ಕೈ ನಡುಗ್ತಾ ಮೊಬೈಲ್‌ನಲ್ಲಿ ಎರಡು ಫೋಟೋ ತೆಗೆದೆ. ಎರಡೂ ಮಸುಕು. ಇ-ಬರ್ಡ್‌ಗೆ ಹಾಕಿದೆ. ವಾಟ್ಸಾಪ್ ಗ್ರೂಪಿಗೂ ಹಾಕಿದೆ. ಲೊಕೇಶನ್ ಪಿನ್ ಸಮೇತ. ಕೊನೆಗೆ ಮೂರು ಬೆಂಕಿ ಇಮೋಜಿ.

ಅಭಿನಂದನೆಗಳು ಬಂದವು. ಆ ವಾರ ಪೂರ್ತಿ ನಾನು ನೆಲದ ಮೇಲೆ ನಡೀಲಿಲ್ಲ.

ಮುಂದಿನ ಭಾನುವಾರ, ಅಕ್ಟೋಬರ್ 9, ಸೀಗಿ ಹುಣ್ಣಿಮೆ. ಬೇರೆ ಕಡೆ ಇದನ್ನ ಭೂಮಿ ಹುಣ್ಣಿಮೆ ಅಂತಾರೆ. ಗೊತ್ತಿಲ್ಲದವರಿಗೆ ಹೇಳ್ತೀನಿ. ಬೆಳೆ ಹೊತ್ತ ಭೂಮಿ ಬಸುರಿ ಅಂತ ನಮ್ಮ ನಂಬಿಕೆ. ಅವಳಿಗೆ ಸೀಮಂತ ಮಾಡೋ ದಿನ ಅದು. ಹೋಳಿಗೆ, ಕಡಬು, ಸಜ್ಜಿ ರೊಟ್ಟಿ, ಪುಂಡಿ ಪಲ್ಯ ಎಲ್ಲ ಬುಟ್ಟಿ ತುಂಬಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಪೂಜೆ ಮಾಡಿ, ಚರಗ ಚೆಲ್ಲಿ, ಅಲ್ಲೇ ಉಂಡು ಬರ್ತೀವಿ.

ಕಾಕಾ ತನ್ನ ಮನೆಯವರ ಜೊತೆ ಬುಟ್ಟಿ ಹೊತ್ತು ಹೊಲಕ್ಕೆ ಬಂದಾಗ ಅಲ್ಲಿ ಐದು ಜನ ಕ್ಯಾಮೆರಾ ಹಿಡಿದು ನಿಂತಿದ್ದರು. ಬೆಳಕು ಬೇಲಿಯ ಆ ಕಡೆಯಿಂದ ಚೆನ್ನಾಗಿತ್ತಂತೆ. ಅದಕ್ಕೆ ಇಪ್ಪತ್ತು ದಿನದ ಜೋಳದ ಸಸಿಗಳ ನಡುವೆ ಇಳಿದಿದ್ದಾರೆ. ಟ್ರೈಪಾಡ್ ಊರಿದ್ದಾರೆ. ಹಸಿ ಎರೆಮಣ್ಣು ನಿಮಗೆ ಗೊತ್ತಲ್ಲ, ಒಂದು ಕಾಲಿಟ್ಟರೆ ಅರ್ಧ ಕೆಜಿ ಅಂಟುತ್ತೆ, ಕಾಲು ಎತ್ತಿದಾಗ ಸಸಿಯೂ ಬೇರು ಸಮೇತ ಬರುತ್ತೆ. ಒಬ್ಬರ ಫೋನ್‌ನಿಂದ ಹಕ್ಕಿ ಕೂಗು ಜೋರಾಗಿ ಕೇಳ್ತಿತ್ತು, ಮೇಲಿಂದ ಮೇಲೆ. ಆ ಕೂಗು ಕೇಳಿ ಹಕ್ಕಿ ಹೊರಗೆ ಬರಲಿ ಅಂತ.

ನಾನು ಹೋಗಿ ಮುಟ್ಟುವಷ್ಟರಲ್ಲಿ ಎರಡು ಸಾಲು ನೆಲಕಚ್ಚಿತ್ತು. ಬಂದವರು ಕೆಟ್ಟವರೇನಲ್ಲ, ನನ್ನ ಹಾಗೇ ಹುಚ್ಚಿನವರು. ಕ್ಷಮೆ ಕೇಳಿದರು, ಬದುವಿಗೆ ಬಂದರು, ಅರ್ಧ ಗಂಟೆ ಬಿಟ್ಟು ಹೋದರು. ಹಕ್ಕಿ ಅವರಿಗೂ ಸಿಗಲಿಲ್ಲ. ಕಾಕಾ ಅವರಿಗೆ ಏನೂ ಅನ್ನಲಿಲ್ಲ. ನನ್ನ ಕಡೆ ತಿರುಗಿ ಮೆತ್ತಗೆ ಹೇಳಿದ್ದು ಇಷ್ಟೇ: "ಬಸರ ಹೆಣಮಗಳ ಮ್ಯಾಲ ಕಾಲಿಟ್ಟಂಗ ಆತಲ್ಲೋ ತಮ್ಮಾ. ಅದೂ ಇವತ್ತ."

ಬೈದಿದ್ರೆ ಚೆನ್ನಾಗಿರ್ತಿತ್ತು.

ಮರುದಿನ ಸೋಮವಾರ ಇ-ಬರ್ಡ್‌ನಿಂದ ಒಂದು ಮೇಲ್ ಬಂತು. ಇದು ಅಮೆರಿಕದ ಕಾರ್ನೆಲ್ ಸಂಸ್ಥೆಯವರು 2002ರಲ್ಲಿ ಶುರು ಮಾಡಿದ ವೇದಿಕೆ. ಪ್ರಪಂಚದಾದ್ಯಂತ ಜನ ತಾವು ನೋಡಿದ ಹಕ್ಕಿಗಳ ಪಟ್ಟಿ ಹಾಕ್ತಾರೆ. ಅಪರೂಪದ್ದು ಏನಾದ್ರೂ ಹಾಕಿದ್ರೆ ನಮ್ಮ ಕಡೆಯ ಹಕ್ಕಿಗಳ ಬಗ್ಗೆ ತಿಳಿದ ಸ್ವಯಂಸೇವಕರು ಅದನ್ನ ಪರಿಶೀಲಿಸ್ತಾರೆ. ಮೇಲ್ ತುಂಬಾ ಸೌಜನ್ಯದಿಂದಲೇ ಇತ್ತು. ಮೂರು ಪ್ರಶ್ನೆ. ಹಣೆ ಮತ್ತು ನೆತ್ತಿಯ ಮೇಲೆ ಗೆರೆ ಇದ್ದವಾ? ಕಣ್ಣಿನ ಸುತ್ತ ಬಿಳಿ ಉಂಗುರ ಇತ್ತಾ? ಕೆಳಗಿನ ಕೊಕ್ಕಿನ ಬುಡ ಯಾವ ಬಣ್ಣ?

ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಒಂದು ವಾರದಲ್ಲಿ ಆ ಫೋಟೋವನ್ನ ನೂರು ಸಲ ನೋಡಿದ್ದೆ. ಅವತ್ತು ಮೊದಲ ಸಲ ಹಕ್ಕಿಯನ್ನ ನೋಡಿದೆ. ಕಣ್ಣಿನ ಸುತ್ತ ಬಿಳಿ ಉಂಗುರ ಎದ್ದು ಕಾಣ್ತಿತ್ತು. ಕೊಕ್ಕಿನ ಬುಡ ಹಳದಿ. ನೆತ್ತಿ ಸಪಾಟು. ಎದೆ ಮೇಲಿನ ಗೆರೆಗಳು? ಅವು ಜಾಲಿ ಎಲೆಗಳ ನೆರಳು. ಎರಡನೇ ಫೋಟೋದಲ್ಲಿ ಹಕ್ಕಿ ಸ್ವಲ್ಪ ಈ ಕಡೆ ತಿರುಗಿದೆ, ಗೆರೆಗಳು ಎದೆಯಿಂದ ಜಾರಿ ರೆಕ್ಕೆ ಮೇಲೆ ಹೋಗಿವೆ. ಹಕ್ಕಿ ತಿರುಗಿದ್ರೆ ಗೆರೆ ಜಾಗ ಬದಲಿಸುತ್ತಾ?

ಅದು ಕಂದು ನೊಣಹಿಡುಕ, ಏಷ್ಯನ್ ಬ್ರೌನ್ ಫ್ಲೈಕ್ಯಾಚರ್. ಅದೂ ವಲಸೆ ಹಕ್ಕಿಯೇ, ನಮ್ಮ ಬಯಲಿನಲ್ಲಿ ದಿನಾ ಕಾಣೋದಲ್ಲ, ಆದ್ರೆ ಕರ್ನಾಟಕಕ್ಕೆ ಪ್ರತಿ ಚಳಿಗಾಲ ಬರುತ್ತೆ. ಅದು ಬಂದಿದ್ದೇ ಖುಷಿ ಪಡಬೇಕಾದ ವಿಷಯ ಆಗಿತ್ತು. ನಾನು ಅದನ್ನ ನೋಡಲೇ ಇಲ್ಲ. ನನಗೆ ಬೇಕಾದದ್ದನ್ನ ನೋಡಿದೆ. ಆ ಬೇಕಾದದ್ದಕ್ಕಾಗಿ ಕಾಕಾನ ಜೋಳ ಹೋಯಿತು.

ಪಟ್ಟಿ ತಿದ್ದಿದೆ. ಗ್ರೂಪಿನಲ್ಲಿ "ತಪ್ಪಾಗಿದೆ, ಅದು ಕಂದು ನೊಣಹಿಡುಕ" ಅಂತ ಬರೆಯೋಕೆ ಎರಡು ದಿನ ತಗೊಂಡೆ. ಇಮೋಜಿ ಹಾಕಲಿಲ್ಲ. ಚಿತ್ತಿ ಮಳೆಯ ಹಸಿ ಇನ್ನೂ ಇತ್ತು, ಹಾಗಾಗಿ ಕಾಕಾನ ಜೊತೆ ಹೋಗಿ ಸತ್ತ ಸಸಿಗಳ ಜಾಗದಲ್ಲಿ ಕೈಯಿಂದಲೇ ಬೀಜ ಊರಿದೆ. ಅವು ಮೇಲೆ ಬಂದವು, ಆದ್ರೆ ತಡವಾದ ಬೆಳೆ ತಡವೇ. ಸುತ್ತಲಿನ ತೆನೆ ಬಾಗಿದಾಗ ಆ ಎರಡು ಸಾಲು ಇನ್ನೂ ಹಾಲುಗಾಳು. ಆ ಚಳಿಗಾಲ ಪೂರ್ತಿ ನಮ್ಮ ಬದುವಿನಿಂದ ಅದು ಎದ್ದು ಕಾಣ್ತಿತ್ತು.

ಅಲ್ಲಿಂದ ಕೆಲವು ಅಭ್ಯಾಸ ಬದಲಾಯಿತು. ಅಪರೂಪದ್ದು ಅನಿಸಿದ್ರೆ ಈಗ ಮೊದಲು ಫೋನ್ ತೆಗೆಯಲ್ಲ, ನೋಡ್ತೀನಿ. ಕೊಕ್ಕು, ಕಣ್ಣು, ನೆತ್ತಿ, ರೆಕ್ಕೆ, ಬಾಲ, ಮೇಲಿಂದ ಕೆಳಗೆ. ಬಾಯಲ್ಲಿ ಹೇಳ್ತಾ ನೋಡ್ತೀನಿ, ಫೋನ್ ರೆಕಾರ್ಡರ್ ಆನ್ ಇರುತ್ತೆ. ಹಕ್ಕಿಯ ಹೆಸರು ಮಾತ್ರ ಹೇಳಲ್ಲ. ಹೆಸರು ಒಮ್ಮೆ ತಲೆಗೆ ಬಂತು ಅಂದ್ರೆ ಕಣ್ಣು ಅದಕ್ಕೆ ಸಾಕ್ಷಿ ಹುಡುಕೋಕೆ ಶುರು ಮಾಡುತ್ತೆ. ಮರ್ಲಿನ್ ಆ್ಯಪ್ ಬಳಸ್ತೀರಾ? ಬಳಸಿ, ನಾನೂ ಬಳಸ್ತೀನಿ. ಆದ್ರೆ ಅದು ಹೆಸರು ತೋರಿಸಿದ್ದು ಒಂದು ಸುಳಿವು ಅಷ್ಟೇ. ಹೋಗಿ ನೋಡೋ ಕೆಲಸ ನಮ್ಮದೇ. ಲೊಕೇಶನ್ ಹಾಕೋ ಮುಂಚೆ ಆ ನೆಲ ಯಾರದ್ದು, ಅಲ್ಲಿ ಈಗ ಏನು ಬೆಳೆದಿದೆ ಅಂತ ಯೋಚಿಸ್ತೀನಿ. ಇನ್ನು ಸ್ಪೀಕರ್‌ನಲ್ಲಿ ಕೂಗು ಹಾಕೋದು. ರಾತ್ರಿಯಿಡೀ ಹಾರಿ ಬಂದು ಹಸಿದಿರೋ ಹಕ್ಕಿ ತಿನ್ನೋದು ಬಿಟ್ಟು ನಿಮ್ಮ ಫೋನ್ ಜೊತೆ ಜಗಳಕ್ಕೆ ಬರಬೇಕಾ? ನನಗೆ ಇದು ಒಪ್ಪಿಗೆ ಇಲ್ಲ. ಬೇರೆ ಅಭಿಪ್ರಾಯದವರು ಇದ್ದಾರೆ, ಇರಲಿ.

2023 ಬರ. ಹಸ್ತ ಕೈಕೊಟ್ಟಿತು, ಬೇಲಿಯಲ್ಲಿ ಹುಳವೇ ಇರಲಿಲ್ಲ, ನನ್ನ ಪಟ್ಟಿಗಳೂ ಒಣಗಿದವು.

2024ರ ಅಕ್ಟೋಬರ್‌ನಲ್ಲಿ ಅದೇ ಬೇಲಿಯಲ್ಲಿ 'ಟಕ್, ಟಕ್' ಅಂತ ಸದ್ದು. ಎರಡು ಕಲ್ಲು ಮೆಲ್ಲಗೆ ಬಡಿದ ಹಾಗೆ. ಮಣ್ಣಿನ ಬಣ್ಣದ, ಹೇಳಿಕೊಳ್ಳೋ ಗುರುತೇ ಇಲ್ಲದ ಒಂದು ಉಲಿಯಕ್ಕಿ. ಇಂಥ ಹಕ್ಕಿ ನಮ್ಮ ಒಣಬಯಲಿಗೆ ಬರೋದು ಎರಡು ಜಾತಿ. ಒಂದು ಬೂಟೆಡ್ ವಾರ್ಬ್ಲರ್, ಇನ್ನೊಂದು ಸೈಕ್ಸ್ ವಾರ್ಬ್ಲರ್. ಬಹಳ ಕಾಲ ಎರಡನ್ನೂ ಒಂದೇ ಅಂತ ತಿಳಿದಿದ್ರು. ಸೈಕ್ಸ್‌ಗೆ ಕೊಕ್ಕು, ಬಾಲ ಒಂಚೂರು ಉದ್ದ, ಬಣ್ಣ ಒಂಚೂರು ತೆಳು. ಬೂಟೆಡ್ ಹೆಚ್ಚಾಗಿ ಕೆಳಗೆ, ಹುಲ್ಲಿನ ಮಟ್ಟದಲ್ಲಿ ಓಡಾಡುತ್ತೆ. ಆ 'ಒಂಚೂರು' ಎಷ್ಟು ಅನ್ನೋದರಲ್ಲೇ ಎಲ್ಲ ಇದೆ.

ಈ ಸೈಕ್ಸ್ ಯಾರು ಗೊತ್ತಾ? ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್, 1820ರ ದಶಕದಲ್ಲಿ ಬೊಂಬಾಯಿ ಸರ್ಕಾರದ ಅಂಕಿಅಂಶ ಸಂಗ್ರಹಿಸೋ ಅಧಿಕಾರಿ. ದಖ್ಖನ್ ಸುತ್ತಿ ಜನ, ಬೆಳೆ ಲೆಕ್ಕ ಹಾಕೋದು ಕೆಲಸ. ಜೊತೆಗೆ ಹಕ್ಕಿಗಳ ಲೆಕ್ಕವನ್ನೂ ಇಟ್ಟ. 1832ರಲ್ಲಿ ಆ ಪಟ್ಟಿ ಲಂಡನ್‌ನಲ್ಲಿ ಪ್ರಕಟ ಆಯ್ತು. ಈ ಹಕ್ಕಿಗೆ ಅವನು ಕೊಟ್ಟ ಹೆಸರಿನಲ್ಲಿ 'ರಾಮ' ಇದೆ, ಇವತ್ತಿಗೂ ಅದರ ವೈಜ್ಞಾನಿಕ ಹೆಸರು ಇಡೂನಾ ರಾಮ. ನಮ್ಮ ಬಯಲಲ್ಲೇ ಇರೋ ಒಂದು ಜುಟ್ಟಿನ ನೆಲಗುಬ್ಬಿಗೆ 'ದೇವ' ಅಂತ ಹೆಸರಿಟ್ಟವನೂ ಅವನೇ. ಅಂದ್ರೆ ದಖ್ಖನ್ನಿನಲ್ಲಿ ಚಳಿಗಾಲ ಕಳೆಯೋಕೆ ಬಂದ ಹಕ್ಕಿ ಜಗತ್ತಿಗೆ ಪರಿಚಯ ಆಗಿದ್ದೇ ದಖ್ಖನ್ನಿನಿಂದ.

ನಾನು ಆ ಹಕ್ಕಿಯನ್ನ ನಾಲ್ಕು ಬೆಳಗ್ಗೆ ನೋಡಿದೆ. ಸದ್ದು ರೆಕಾರ್ಡ್ ಮಾಡಿದೆ, ಫೋಟೋನೂ ಸಿಕ್ತು. ಮೊದಲ ದಿನ ಸೈಕ್ಸ್ ಅನಿಸ್ತು. ಮೂರನೇ ದಿನ ಅದು ಕೆಳಗಿಳಿದು ಹುಲ್ಲಿನಲ್ಲಿ ಓಡಾಡಿತು, ಬೂಟೆಡ್ ಅನಿಸ್ತು. ಇ-ಬರ್ಡ್‌ನಲ್ಲಿ ಇಂಥ ಸಂದರ್ಭಕ್ಕೆ ಒಂದು ಆಯ್ಕೆ ಇದೆ: ಎರಡೂ ಹೆಸರು, ನಡುವೆ ಒಂದು ಓರೆಗೆರೆ. ಬೂಟೆಡ್/ಸೈಕ್ಸ್. ಇದು ಅಥವಾ ಅದು. ನಾನು ಅದನ್ನ ಒತ್ತಿದೆ. ನಿಜ ಹೇಳ್ಲಾ? ಆ ಓರೆಗೆರೆ ಒತ್ತೋವಾಗ ಸ್ವಲ್ಪ ಹೊಟ್ಟೆ ಉರೀತು.

ಈಗ ಬೇಲಿ ವಿಷಯಕ್ಕೆ ಬರ್ತೀನಿ.

ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣಾ ನೀರು ನಮ್ಮ ಕಡೆ ಬಂದಿದೆ. ಇದರ ವಿರುದ್ಧ ನಾನು ಒಂದು ಮಾತೂ ಆಡಲ್ಲ. ದ್ರಾಕ್ಷಿ ಬಳ್ಳಿ ಉಳಿಸೋಕೆ ದುಡ್ಡು ಕೊಟ್ಟು ಟ್ಯಾಂಕರ್ ನೀರು ಹಾಕಿದ ಬೇಸಿಗೆಗಳು ನನಗೆ ನೆನಪಿವೆ. ಕೆರೆಯಲ್ಲಿ ನೀರು ನಿಂತ ಮೇಲೆ ಹಕ್ಕಿಗಳೂ ಬಂದವು. ಜೊಂಡಿನ ಹತ್ತಿರ ಈಗ ಬ್ಲೂಥ್ರೋಟ್ ಸಿಗುತ್ತೆ, ಗಂಟಲಿನ ಮೇಲೆ ನೀಲಿ ಬಳಿದುಕೊಂಡು ಬರೋ ಸುಂದರಾಂಗ. ಆದ್ರೆ ನೀರು ಬಂದ ಹೊಲದಲ್ಲಿ ಜೋಳ ಹೋಗಿ ದ್ರಾಕ್ಷಿ ಬರುತ್ತೆ. ದ್ರಾಕ್ಷಿಗೆ ಅಂಚಿನ ಪೊದೆ ಬೇಡ. ಬೋಳು ಬದು, ಕಲ್ಲುಕಂಬ, ತಂತಿ. ನೀರಿನ ಹಕ್ಕಿ ಹೆಚ್ಚಾದ್ವು, ಒಣಪೊದೆಯ ಹಕ್ಕಿಗೆ ಜಾಗ ಕಡಿಮೆ ಆಯ್ತು.

ಈ ವರ್ಷ ಜೂನ್‌ನಲ್ಲಿ ನಮ್ಮಪ್ಪ ಜೆಸಿಬಿ ಕರೆಸಿದರು. ಇನ್ನೂ ಎರಡು ಎಕರೆ ದ್ರಾಕ್ಷಿ ಹಾಕೋ ಯೋಚನೆ. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಫೋನ್ ತೆಗೆದು ಅವರಿಗೆ ಪಟ್ಟಿ ತೋರಿಸಿದೆ. ಆ ಒಂದು ಬೇಲಿಯಲ್ಲಿ ಐದು ಅಕ್ಟೋಬರ್‌ನಲ್ಲಿ ನಾನು ನೋಡಿದ್ದೆಲ್ಲ. ಅವರು ಓದಿದರು, ನಿಧಾನಕ್ಕೆ, ಬೆರಳಿನಿಂದ ಮೇಲೆ ಸರಿಸ್ತಾ. ಆಮೇಲೆ ಕೇಳಿದರು: "ಇದರಾಗ ಎಷ್ಟ ಖರೇ, ಎಷ್ಟ ಸುಳ್ಳ?"

ನಗಲಿಲ್ಲ ಅವರು. ನಿಜವಾಗಿಯೇ ಕೇಳಿದ್ದು. 2022 ಅವರಿಗೂ ನೆನಪಿದೆ, ಕಾಕಾ ಅವರ ಬಾಲ್ಯದ ಗೆಳೆಯ. "ಒಂದು ಸುಳ್ಳಿತ್ತು, ತಿದ್ದೀನಿ. ಒಂದು ಗೊತ್ತಾಗಿಲ್ಲ, ಗೊತ್ತಾಗಿಲ್ಲ ಅಂತಾನೇ ಬರದೀನಿ. ಉಳಿದಿದ್ದು ಖರೇ" ಅಂದೆ. ಅವರು ಫೋನ್ ವಾಪಸ್ ಕೊಟ್ಟು ಕೈ ತೊಳೆಯೋಕೆ ಎದ್ದರು.

ಮರುದಿನ ಜೆಸಿಬಿ ಬಂತು. ತೆಂಕಣ ಕಡೆಯ ಬೇಲಿ ಪೂರ್ತಿ ಹೋಯಿತು. ಬನ್ನಿಗಿಡ ಪೂಜೆಯ ಗಿಡ ಅಂತ ಉಳೀತು. ಹಳ್ಳದಗುಂಟ ಅರವತ್ತು ಅಡಿ ಜಾಲಿ ಬಿಟ್ಟರು. ಹಕ್ಕಿಗೋಸ್ಕರ ಅಂತ ನಾನು ಅಂದ್ಕೊಳ್ಳೋ ಹಾಗಿಲ್ಲ. ಡ್ರೈವರ್‌ಗೆ ಅವರು ಹೇಳಿದ್ದು ನನ್ನ ಕಿವಿಗೆ ಬಿತ್ತು: "ಅಷ್ಟ ಇರ್ಲಿ, ಮಂದಿ ಆಡು ಒಳಗ ಬರೂದಿಲ್ಲ."

ಅರವತ್ತು ಅಡಿ ಅಂದ್ರೆ ಕ್ರಿಕೆಟ್ ಪಿಚ್‌ಗಿಂತ ಕಡಿಮೆ. ಈ ಅಕ್ಟೋಬರ್‌ನಲ್ಲಿ ಅಲ್ಲಿ ಏನಾದ್ರೂ ಇಳಿಯುತ್ತಾ ಅಂತ ನನಗೆ ಅನುಮಾನ ಇತ್ತು. ಸೆಪ್ಟೆಂಬರ್ ಪೂರ್ತಿ ಬರೀ ಸೂರಕ್ಕಿ, ಕಾಜಾಣ.

ಹೋದ ವಾರ ನಮ್ಮ ತೋಟದಲ್ಲಿ ಚಾಟ್ನಿ ಶುರುವಾಯ್ತು. ಗೊತ್ತಿಲ್ಲದವರಿಗೆ, ಚಾಟ್ನಿ ಅಂದ್ರೆ ದ್ರಾಕ್ಷಿ ಬಳ್ಳಿ ಕತ್ತರಿಸೋದು, ತಿನ್ನೋ ಚಟ್ನಿ ಅಲ್ಲ. ಕೆಲಸಕ್ಕೆ ಹತ್ತು ಹೆಣ್ಣುಮಕ್ಕಳು ಬಂದಿದ್ದರು. ಕತ್ತರಿ ಸದ್ದು, ಅವರ ಮಾತು, ಯಾರದ್ದೋ ಫೋನ್‌ನಲ್ಲಿ ಹಾಡು. ನಾನು ಕಂಬದ ಹತ್ತಿರ ತಂತಿ ಬಿಗೀತಿದ್ದೆ. ಹಳ್ಳದ ಕಡೆಯ ಸಾಲಿನಲ್ಲಿದ್ದ ಒಬ್ಬಾಕೆ ಕರೆದಳು: "ಯಣ್ಣಾ, ಇಲ್ಲಿ ಯಾವುದೋ ಟಕ್ ಟಕ್ ಅನ್ನಾಕತ್ತೈತಿ ನೋಡು. ಕತ್ತರಿ ಸಪ್ಪಳ ಅಲ್ಲ."

ಹಾಡು ನಿಲ್ಲಿಸಿ ಅಂದೆ. ಎಲ್ಲರೂ ಕೈ ನಿಲ್ಲಿಸಿದರು. ಜಾಲಿಯ ಒಳಗಿಂದ, ಎರಡು ಸಲ, ಆಮೇಲೆ ಇನ್ನೊಂದು ಸಲ. ಹದಿನೈದು ನಿಮಿಷ ಬದುವಿನ ಮೇಲೆ ಕೂತೆ, ಹೊರಗೆ ಬರಲಿಲ್ಲ. ಅಪ್ಪ ದೂರದಿಂದ ನೋಡ್ತಿದ್ರು, ಕೆಲಸ ನಿಂತಿದೆ ಅಂತ ಕೂಗಲಿಲ್ಲ.

ಬೂಟೆಡ್/ಸೈಕ್ಸ್, ಒಂದು, ಕೇಳಿದ್ದು ಮಾತ್ರ, ಅಂತ ಬರೆದೆ. ಆಮೇಲೆ ತಂತಿ ಬಿಗಿಯೋಕೆ ಹೋದೆ.